ಅರಗಿನ ಮುದ್ರೆ

ಹಿಂದೆ ಅಂಚೆಯಲ್ಲಿ ವಿಮೆ ಮಾಡಿದ ಲಕೋಟೆ ಬಂದರೆ ಅದರ ಬೆನ್ನಿಗೆ ಕೆಂಪು ಅರಗಿನ ಮುದ್ರೆ ಇರುತ್ತಿತ್ತು. ಮುದ್ರೆ ಒಡೆದಿಲ್ಲವೆಂದರೆ ದಾರಿಯಲ್ಲಿ ಯಾರೂ ಬಿಚ್ಚಿಲ್ಲವೆಂದು ಅರ್ಥ. ಒಳಗಿರುವುದು ಸಿಹಿ ಸುದ್ದಿಯೋ ಕಹಿ ಸುದ್ದಿಯೋ, ಅದನ್ನು ಮುದ್ರೆ ಹೇಳುವುದಿಲ್ಲ. ಕಂಪ್ಯೂಟರಿನವರು ‘ಡಿಜಿಟಲ್ ಸಹಿ’ ಎನ್ನುತ್ತಾರಲ್ಲ, ಅದರ ಸ್ವಭಾವವೂ ಇದೇ. ಸಹಿಯಾದ ಮೇಲೆ ಒಂದಕ್ಷರ ತಿದ್ದಿದರೂ ಲೆಕ್ಕ ತಪ್ಪಿ, ಸಿಕ್ಕಿಬೀಳುತ್ತದೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಅದರಿಂದ ಬಯಸಬಾರದು.

ಇದನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಫ್ರೆಡ್ ಮೆಕ್‌ಲೇನ್ ಎಂಬ ಅಮೆರಿಕದ ಪ್ರೋಗ್ರಾಮರ್ ಒಬ್ಬ. 1996ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಸಹಿಯ ಪದ್ಧತಿ ತಂದಿತು. ವೆರಿಸೈನ್ ಎಂಬ ಕಂಪನಿ ಸಹಿ ಹಾಕುವವರ ಗುರುತು ವಿಚಾರಿಸಿ ಸರ್ಟಿಫಿಕೇಟ್ ಕೊಡುತ್ತಿತ್ತು. ಮೆಕ್‌ಲೇನ್ ‘ಎಕ್ಸ್‌ಪ್ಲೋಡರ್’ ಎಂಬ ಪುಟ್ಟ ಪ್ರೋಗ್ರಾಮ್ ಬರೆದ. ಅದು ಒಳಗೆ ಬಂದರೆ ನಿಮ್ಮ ವಿಂಡೋಸ್ 95 ಕಂಪ್ಯೂಟರ್ ತಾನಾಗಿ ಆಫ್ ಆಗುತ್ತಿತ್ತು. ಸರ್ಟಿಫಿಕೇಟ್ ಕೊಂಡು, ಅದಕ್ಕೆ ಶಾಸ್ತ್ರೋಕ್ತವಾಗಿ ಸಹಿಯನ್ನೂ ಹಾಕಿದ! ಮುಂದೆ ಆ ಸರ್ಟಿಫಿಕೇಟ್ ರದ್ದಾಯಿತು. ಕಿಡಿಗೇಡಿ ಎನ್ನುವವರು ಎನ್ನಲಿ, ನನಗಂತೂ ಆತನ ಮೇಲೆ ಅಕ್ಕರೆ.

ಆಮೇಲೆ ಬಂದವು ಎಕ್ಸ್‌ಟೆನ್ಷನ್‌ಗಳು. ಇವು ಬ್ರೌಸರಿನ ಮನೆಗೆಲಸದವರಿದ್ದ ಹಾಗೆ. ಒಂದು ಜಾಹೀರಾತುಗಳನ್ನು ಗುಡಿಸಿಹಾಕುತ್ತದೆ, ಇನ್ನೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುತ್ತದೆ. ಕೆಲಸದವರಿಗೆ ಮನೆಯ ಮೂಲೆಮೂಲೆಯೂ ಗೊತ್ತಿರುವಂತೆ ಇವುಗಳಲ್ಲಿ ಎಷ್ಟೋ ಮಂದಿಗೆ ನೀವು ತೆರೆದ ಪುಟ, ಬೆರಳಚ್ಚಿಸಿದ ಅಕ್ಷರ ಎಲ್ಲ ಕಾಣುತ್ತದೆ. ಕೆಲವು ಹೇಳದೆ ಕೇಳದೆ ಒಳಗೆ ಸೇರಿ ಮುಖಪುಟ ಬದಲಿಸಿ, ತಮ್ಮ ಜಾಹೀರಾತು ತೂರಿಸತೊಡಗಿದವು. 2014ರಲ್ಲಿ ಗೂಗಲ್, ವಿಂಡೋಸಿನ ಕ್ರೋಮ್‌ನಲ್ಲಿ ತನ್ನ ಅಂಗಡಿಯದಲ್ಲದ ಎಕ್ಸ್‌ಟೆನ್ಷನ್‌ಗಳನ್ನು ತಡೆಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾ 2015ರ ಫೆಬ್ರವರಿಯಲ್ಲಿ, ಇನ್ನು ಎಲ್ಲಕ್ಕೂ ತನ್ನ ಸಹಿ ಬೇಕೆಂದು ಸಾರಿತು. ನನ್ನ ಕಂಪ್ಯೂಟರಿಗೆ ನಾನೇ ಬರೆದುಕೊಂಡದ್ದಕ್ಕೂ ನಿಮ್ಮ ಅಪ್ಪಣೆಯೇ ಎಂದು ಕೆಲವರು ಸಿಡುಕಿದರು. ಆದರೂ 2016ರ ಆಗಸ್ಟಿನಲ್ಲಿ ಬಂದ 48ನೇ ಆವೃತ್ತಿಯಿಂದ ಸಾಮಾನ್ಯ ಬಳಕೆದಾರರಿಗೆ ಬೇರೆ ದಾರಿ ಉಳಿಯಲಿಲ್ಲ.

ಸಹಿಗೂ ಮನೆತನವುಂಟು. ಅಜ್ಜಿಯ ಹಾಗೆ ಮೂಲ ಸರ್ಟಿಫಿಕೇಟ್ ಒಂದು. ಅದನ್ನು ನೆಟ್ಟಿಗೆ ಸೇರಿಸದೆ ವಿಶೇಷ ಯಂತ್ರವೊಂದರಲ್ಲಿ ಭದ್ರವಾಗಿಟ್ಟಿರುತ್ತಾರೆ. ದಿನದ ಕೆಲಸ ಸೊಸೆಯದು, ಅಂದರೆ ನಡುವಿನ ಸರ್ಟಿಫಿಕೇಟಿನದು. ಅಜ್ಜಿ ಸೊಸೆಗೆ ಕೊಟ್ಟ ಅಧಿಕಾರಕ್ಕೆ ವಾಯಿದೆ ಇರುತ್ತದೆ. 2019ರ ಮೇ 4, ಶನಿವಾರ, ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ ಆ ವಾಯಿದೆ ಮುಗಿಯಿತು. ಮುಗಿಯುವುದು ಮೊಝಿಲ್ಲಾದಲ್ಲಿ ಅದನ್ನು ನೋಡಿಕೊಳ್ಳುವವರಿಗೆ ಗೊತ್ತಿತ್ತು, ಆದರೆ ಫೈರ್‌ಫಾಕ್ಸ್ ಆ ತಾರೀಖನ್ನು ಲೆಕ್ಕಿಸುವುದಿಲ್ಲವೆಂದು ತಪ್ಪಾಗಿ ತಿಳಿದಿದ್ದರು! ಫೈರ್‌ಫಾಕ್ಸ್ ದಿನಕ್ಕೊಮ್ಮೆ ಸಹಿ ಪರೀಕ್ಷಿಸುತ್ತದೆ. ಒಬ್ಬೊಬ್ಬರದಾಗಿ ಲೋಕದೆಲ್ಲೆಡೆ ಎಕ್ಸ್‌ಟೆನ್ಷನ್‌ಗಳು ನಿಂತುಹೋದವು. ಯಾವುದರಲ್ಲೂ ದೋಷವಿರಲಿಲ್ಲ, ತಾರೀಖು ಮಾತ್ರ ದಾಟಿತ್ತು.

ಜಾಹೀರಾತು ಕಂಡರೆ ಕಿರಿಕಿರಿ, ಅಷ್ಟೆ. ಆದರೆ ಟಾರ್ ಬ್ರೌಸರ್ ಎಂಬುದೊಂದಿದೆ. ಸರಕಾರಗಳ ಕಣ್ಣಿನಿಂದ ಗುರುತು ಮರೆಸಿಕೊಳ್ಳಬೇಕಾದ ಪತ್ರಕರ್ತರು, ಹೋರಾಟಗಾರರು ನಂಬಿರುವುದು ಅದನ್ನು. ಅದು ಫೈರ್‌ಫಾಕ್ಸಿನ ಮೇಲೇ ಕಟ್ಟಿದ್ದು. ಅದರ ಕಾವಲುಗಾರನಾದ ನೋಸ್ಕ್ರಿಪ್ಟ್ ಕೂಡ ಅಂದು ಮಲಗಿಬಿಟ್ಟ. ಕಾವಲು ಬೇಕಾದವರು ಸಹಿಯ ಪರೀಕ್ಷೆಯನ್ನೇ ಸದ್ಯಕ್ಕೆ ನಿಲ್ಲಿಸಿಕೊಳ್ಳಿ ಎಂದು ಟಾರ್‌ನವರು ಸೂಚಿಸಬೇಕಾಯಿತು. ಮನೆ ಕಾಯುವವನನ್ನು ಎಬ್ಬಿಸಲು ಮುಂಬಾಗಿಲ ಅಗುಳಿ ತೆಗೆದಿಡಿ ಎಂದ ಹಾಗೆ!

ಸಹಿಯಾದ ಹದಿನೈದು ಸಾವಿರಕ್ಕೂ ಮಿಕ್ಕ ಎಕ್ಸ್‌ಟೆನ್ಷನ್‌ಗಳಿಗೆ ಹೊಸದಾಗಿ ಸಹಿ ಹಾಕುತ್ತ ಕೂರಲು ವೇಳೆ ಎಲ್ಲಿದೆ? ಇಂಜಿನಿಯರೊಬ್ಬರು ಆ ಯಂತ್ರವಿಟ್ಟ ಜಾಗಕ್ಕೆ ಕಾರು ಓಡಿಸಿಕೊಂಡು ಹೋದರು. ಹಳೆಯ ಹೆಸರು, ಹಳೆಯ ಕೀಲಿ, ತಾರೀಖು ಮಾತ್ರ ಹೊಸದು, ಅಂಥ ಸರ್ಟಿಫಿಕೇಟ್ ತಯಾರಾಯಿತು. ಅದನ್ನು ಬೇಗ ತಲುಪಿಸಲು ‘ಸ್ಟಡೀಸ್’ ಎಂಬ ಏರ್ಪಾಟನ್ನು ಹಿಡಿದರು. ಬಳಕೆದಾರರ ಮೇಲೆ ಪ್ರಯೋಗ ನಡೆಸಲು ಇಟ್ಟುಕೊಂಡದ್ದು ಅದು. ತಮ್ಮ ವಿಷಯ ಯಾರಿಗೂ ತಿಳಿಯಬಾರದೆಂದು ಅದನ್ನು ಮುಚ್ಚಿಟ್ಟಿದ್ದವರು, ಪರಿಹಾರ ತಕ್ಷಣ ಬೇಕಾದರೆ ಅದನ್ನೇ ತೆರೆಯಬೇಕಾಯಿತು. ಆ ವಾರ ಹೀಗೆ ಬಂದ ಮಾಹಿತಿಯನ್ನೆಲ್ಲ ಮೊಝಿಲ್ಲಾ ಆಮೇಲೆ ಅಳಿಸಿಹಾಕಿತು. ಈ ಒಂದು ಕೆಲಸಕ್ಕೆ ಅವರನ್ನು ಮೆಚ್ಚಲೇಬೇಕು. ಮೇ 5ರಂದು ತಿದ್ದಿದ ಆವೃತ್ತಿಯೂ ಬಂತು.

2025ರ ಮಾರ್ಚ್ 14ಕ್ಕೆ ಅಜ್ಜಿಯದೇ, ಅಂದರೆ ಮೂಲ ಸರ್ಟಿಫಿಕೇಟಿನ ವಾಯಿದೆ ತೀರಿತು. ಈ ಸಲ ಮೊಝಿಲ್ಲಾ ಮೊದಲೇ ಡಂಗುರ ಸಾರಿತ್ತು: 128ನೇ ಆವೃತ್ತಿಗೋ ಅದರಾಚೆಗೋ ಬನ್ನಿ, ತೀರ ಹಳೆಯ ವಿಂಡೋಸ್ ಇರುವವರು 115ರ ತಿದ್ದಿದ ಆವೃತ್ತಿಯನ್ನಾದರೂ ಹಾಕಿಕೊಳ್ಳಿ, ಇಲ್ಲವಾದರೆ ಎಕ್ಸ್‌ಟೆನ್ಷನ್‌ಗಳು ನಿಲ್ಲುತ್ತವೆ ಎಂದು.