ವರದಿಯ ಹಿಂದಿರುವ ಕಣ್ಣು

ಮನೆಯಲ್ಲಿ ಯಾರಿಗಾದರೂ ಜ್ವರ ಬಿಡದಿದ್ದಾಗ ವೈದ್ಯರು ಒಂದು ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಪ್ರಯೋಗಾಲಯಕ್ಕೆ ಹೋಗುತ್ತೀರಿ, ರಕ್ತ ಕೊಟ್ಟು ಸಂಜೆ ವರದಿಯೊಡನೆ ಮರಳುತ್ತೀರಿ. ವೈದ್ಯರ ಹೆಸರು ನಿಮಗೆ ಗೊತ್ತು. ಆರೈಕೆ ಮಾಡಿದ ದಾದಿಯ ಮುಖವೂ ನೆನಪಿರುತ್ತದೆ. ಆದರೆ ಆ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರು ಯಾರು? ಅವರು ಏನನ್ನು ಕಲಿತವರು? ಆ ಕೆಲಸಕ್ಕೆ ಅವರನ್ನು ಅರ್ಹರೆಂದು ಒಪ್ಪಿದವರು ಯಾರು? ಈ ಪ್ರಶ್ನೆಗಳನ್ನು ಕೇಳಲು ಜಗತ್ತಿಗೆ ಬಹಳ ಕಾಲ ಹಿಡಿಯಿತು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರು ಕ್ಷಯರೋಗದ ಸೂಕ್ಷ್ಮಾಣುವನ್ನು ಜಗತ್ತಿಗೆ ಪ್ರಕಟಿಸಿದರು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು ಮನುಷ್ಯರ ರಕ್ತವೆಲ್ಲ ಒಂದೇ ಗುಂಪಿನದಲ್ಲವೆಂದು ತೋರಿಸಿಕೊಟ್ಟರು. ಇಂತಹ ಶೋಧಗಳಿಂದ ರೋಗವನ್ನು ಗುರುತಿಸುವ ಕೆಲಸದ ಒಂದು ಪಾಲು ರೋಗಿಯ ಹಾಸಿಗೆಯಿಂದ ಪ್ರಯೋಗಾಲಯದ ಮೇಜಿಗೆ ಬಂದಿತು. ಮೊದಮೊದಲು ವೈದ್ಯರೇ ಪರೀಕ್ಷೆಗಳನ್ನು ಮಾಡುತ್ತಿದ್ದರು. ಕೆಲಸ ಹೆಚ್ಚಿದಂತೆ ಸಹಾಯಕರನ್ನು ತರಬೇತುಗೊಳಿಸಿದರು. ಹೀಗೆ ಹೊಸದೊಂದು ವೃತ್ತಿ ಸದ್ದಿಲ್ಲದೆ ಹುಟ್ಟಿಕೊಂಡಿತು.

ಈ ಸಹಾಯಕರ ಅರ್ಹತೆಯನ್ನು ಅಳೆಯಲು ಅಮೆರಿಕದ ರೋಗಶಾಸ್ತ್ರಜ್ಞರ ಸಂಘವು 1928ರಲ್ಲಿ ಒಂದು ನೋಂದಣಿ ಮಂಡಳಿಯನ್ನು ಸ್ಥಾಪಿಸಿತು. ಆದರೆ ಅದು ವೃತ್ತಿಯವರೇ ಮಾಡಿಕೊಂಡ ವ್ಯವಸ್ಥೆ, ಕಾನೂನಲ್ಲ. ಕಾನೂನಿಗೆ ಬಿಗಿ ಬಂದದ್ದು ಕಣ್ಣೀರಿನ ನಂತರವೇ. 1987ರಲ್ಲಿ ಅಲ್ಲಿಯ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯು ಗರ್ಭಕಂಠದ ಕ್ಯಾನ್ಸರನ್ನು ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಯಲ್ಲಿ ನಡೆಯುತ್ತಿದ್ದ ಪ್ರಮಾದಗಳನ್ನು ಬಯಲಿಗೆಳೆಯಿತು. ಕೆಲವು ಪ್ರಯೋಗಾಲಯಗಳಲ್ಲಿ ನೋಡಿದ ಸ್ಲೈಡುಗಳ ಲೆಕ್ಕದಲ್ಲಿ ಕೂಲಿ, ಆದ್ದರಿಂದ ಅವಸರ, ಅವಸರದಿಂದ ತಪ್ಪು. 'ದೋಷವಿಲ್ಲ' ಎಂಬ ವರದಿಯನ್ನು ನಂಬಿ ನೆಮ್ಮದಿಯಿಂದ ಮನೆಗೆ ಮರಳಿದ ತಾಯಂದಿರು ಪ್ರಾಣ ತೆರಬೇಕಾಯಿತು. ಮರುವರ್ಷವೇ, 1988ರಲ್ಲಿ, ಪ್ರಯೋಗಾಲಯಗಳ ಸುಧಾರಣೆಗಾಗಿ ಹೊಸ ಕಾಯ್ದೆ ಬಂದಿತು. ಒಬ್ಬರು ದಿನವೊಂದಕ್ಕೆ ಇಂತಹ ನೂರಕ್ಕಿಂತ ಹೆಚ್ಚು ಸ್ಲೈಡುಗಳನ್ನು ನೋಡಕೂಡದೆಂಬ ಮಿತಿಯೂ ಬಂದಿತು. ಹಾಗಿದ್ದೂ ಪ್ರಯೋಗಾಲಯ ತಂತ್ರಜ್ಞರು ಸ್ವಂತ ಪರವಾನಗಿ ಹೊಂದಿರಬೇಕೆಂಬ ನಿಯಮ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮುಂತಾದ ಕೆಲವು ರಾಜ್ಯಗಳಲ್ಲಿದೆಯೇ ಹೊರತು ಬಹುಪಾಲು ರಾಜ್ಯಗಳಲ್ಲಿ ಇಂದಿಗೂ ಇಲ್ಲ.

ಇನ್ನು ನಮ್ಮ ನಾಡಿನ ಕಥೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿಯ ಸಂಶೋಧನೆಗಳ ತಳಹದಿಯ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಕೆಮ್ಮಿನಿಂದ ಬಳಲಿ ತಾವಾಗಿ ಆಸ್ಪತ್ರೆಗೆ ಬರುವವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಅದರ ತಿರುಳು. ದುಬಾರಿ ಯಂತ್ರಗಳಿಲ್ಲದ ಹಳ್ಳಿಗಾಡಿನಲ್ಲಿ ಆ ಕಾರ್ಯಕ್ರಮದ ಭಾರವನ್ನು ಹೊತ್ತವರಲ್ಲಿ ಪ್ರಯೋಗಾಲಯ ತಂತ್ರಜ್ಞರೇ ಪ್ರಮುಖರು. ನೀಲಿ ಹಿನ್ನೆಲೆಯಲ್ಲಿ ಕೆಂಪು ಎಳೆಗಳಂತೆ ಕಾಣುವ ಸೂಕ್ಷ್ಮಾಣುವನ್ನು ಅವರು ಹುಡುಕಬೇಕು. 'ಇಲ್ಲ' ಎಂದು ಬರೆಯುವ ಮುನ್ನ ಒಂದೇ ಸ್ಲೈಡಿನಲ್ಲಿ ನೂರು ಕಡೆ ಕಣ್ಣಾಡಿಸಬೇಕು.

ಇಷ್ಟು ಹೊಣೆ ಹೊತ್ತವರಿಗೆ ದೇಶದಾದ್ಯಂತ ಅನ್ವಯಿಸುವ ನೋಂದಣಿ ಕಾನೂನು ಮಾತ್ರ ದಶಕಗಳ ಕಾಲ ಇರಲಿಲ್ಲ. ಬೀದಿಬೀದಿಗಳಲ್ಲಿ ಖಾಸಗಿ ಪ್ರಯೋಗಾಲಯಗಳು ತಲೆಯೆತ್ತಿದವು. ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ವರದಿಗೆ ಸಹಿ ಹಾಕಬೇಕೆಂದು 2017ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ಸಹಿ ಹಾಕುವ ಕೈಯ ವಿಚಾರ. ಪರೀಕ್ಷೆ ಮಾಡುವ ಕೈಯ ವಿಚಾರ ಉಳಿದೇ ಇತ್ತು. 2021ರಲ್ಲಿ ಸಂಸತ್ತು ಸಹವರ್ತಿ ಆರೋಗ್ಯ ವೃತ್ತಿಪರರಿಗಾಗಿ ರಾಷ್ಟ್ರೀಯ ಆಯೋಗವೊಂದರ ಕಾಯ್ದೆಯನ್ನು ಅಂಗೀಕರಿಸಿತು. ಪ್ರಯೋಗಾಲಯ ತಂತ್ರಜ್ಞರೂ ಅದರ ವ್ಯಾಪ್ತಿಗೆ ಬಂದರು. ರಾಷ್ಟ್ರಮಟ್ಟದಲ್ಲೂ ರಾಜ್ಯಮಟ್ಟದಲ್ಲೂ ನೋಂದಣಿ ಪುಸ್ತಕಗಳಿರಬೇಕೆಂದು ಆ ಕಾಯ್ದೆ ವಿಧಿಸಿತು. ಬೆಂಗಳೂರಿನ ಕಾರ್ಯಕ್ರಮ ಆರಂಭವಾಗಿ ಆಗಲೇ ಐವತ್ತೊಂಬತ್ತು ವರ್ಷಗಳು ಕಳೆದಿದ್ದವು.

ಪರವಾನಗಿಯೆಂದರೆ ಅದನ್ನು ಪಡೆದವರಿಗೆ ಸಲ್ಲುವ ಬಿರುದೆಂದು ಭಾವಿಸುವವರುಂಟು. ಈ ಚರಿತ್ರೆ ಕಲಿಸುವುದು ಬೇರೆಯೇ ಪಾಠವನ್ನು. ಅದು ತನ್ನನ್ನು ಪರೀಕ್ಷಿಸಿದವರ ಮುಖವನ್ನೇ ನೋಡದ ರೋಗಿಗೆ ಸಮಾಜ ಕೊಡುವ ಮಾತು. ಆದರೂ ಕಾನೂನಿಗೆ ಒಂದು ಮಿತಿಯಿದೆ. ಹೆಸರು ಪುಸ್ತಕದಲ್ಲಿದೆಯೇ ಎಂದು ಅದು ನೋಡಬಲ್ಲದು. ಐವತ್ತು ಕಡೆ ನೋಡಿ ದಣಿದ ಕಣ್ಣು ಉಳಿದ ಐವತ್ತನ್ನೂ ನೋಡಿತೇ ಎಂಬುದನ್ನು ಬಲ್ಲುದು ಮನಸ್ಸಾಕ್ಷಿಯೊಂದೇ. ಅಲ್ಲಿ ತಪ್ಪಿದರೆ ಕ್ಷಯರೋಗಿಯೊಬ್ಬ ರೋಗವಿಲ್ಲವೆಂದು ತಿಳಿದು ಮನೆಗೆ ಹೋಗಿ ತನ್ನ ಮಕ್ಕಳ ಪಕ್ಕದಲ್ಲೇ ಮಲಗುತ್ತಾನೆ.

ನಮ್ಮ ಕುಟುಂಬಗಳ ಅನೇಕ ಮಕ್ಕಳು ಇಂದು ಈ ಶಿಕ್ಷಣಕ್ಕೆ ಸೇರುತ್ತಿದ್ದಾರೆ. ಶುಲ್ಕ ಕಟ್ಟುವ ಮುನ್ನ ಆ ಕಾಲೇಜಿಗೆ ಮಾನ್ಯತೆಯಿದೆಯೇ ಎಂದು ವಿಚಾರಿಸಿರಿ. ಜೊತೆಗೆ ಆ ನೂರರ ಲೆಕ್ಕವನ್ನೂ ಅವರಿಗೆ ತಿಳಿಸಿರಿ. ಮುಂದಿನ ಸಲ ವರದಿ ಕೈಗೆ ಬಂದಾಗ ಅದರ ಕೆಳಗಿನ ಸಹಿಯನ್ನು ಒಮ್ಮೆ ಓದಿರಿ. ಆ ಸಹಿಯ ಹಿಂದೆ ಹೆಸರಿಲ್ಲದೆ ದುಡಿದ ಕಣ್ಣುಗಳನ್ನೂ ಕೃತಜ್ಞತೆಯಿಂದ ನೆನೆಯಿರಿ.