ಮಣಿಕಟ್ಟಿನ ಲಿಗಮೆಂಟ್ ಗಾಯ ಮತ್ತು ಶಸ್ತ್ರಚಿಕಿತ್ಸೆ

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳು ಎರಡು ಸಾಲಾಗಿ ಕೂತಿವೆ. ಅವನ್ನು ಒಂದಕ್ಕೊಂದು ಬಿಗಿದಿಡುವುದು ಲಿಗಮೆಂಟ್, ಅಂದರೆ ಅಸ್ಥಿರಜ್ಜು. ಅದು ಹರಿದರೆ ಮೂಳೆ ಮುರಿಯದಿದ್ದರೂ ಕೀಲು ಸಡಿಲಾಗುತ್ತದೆ. ಹೆಬ್ಬೆರಳ ಕಡೆಯ ಸ್ಕ್ಯಾಫಾಯ್ಡ್ ಮತ್ತು ಅದರ ಪಕ್ಕದ ಲ್ಯುನೇಟ್ ಮೂಳೆಗಳ ನಡುವಿನ ಲಿಗಮೆಂಟಿಗೆ ಪೆಟ್ಟಾಗುವುದೇ ಹೆಚ್ಚು.

ಕಾರಣಗಳು

ಬೀಳುವಾಗ ಅಂಗೈ ಊರುವುದೇ ಮುಖ್ಯ ಕಾರಣ. ಗೌರಿಬಿದನೂರು ರಸ್ತೆಯಲ್ಲಿ ಬೈಕ್ ಜಾರಿದರೂ, ಚಿಂತಾಮಣಿ ಮಂಡಿಯಲ್ಲಿ ಟೊಮೆಟೊ ಕ್ರೇಟ್ ಇಳಿಸುತ್ತ ಲಾರಿಯಿಂದ ಬಿದ್ದರೂ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದ ಒದ್ದೆ ನೆಲದಲ್ಲಿ ಕಾಲು ಜಾರಿದರೂ ಮೈಭಾರವೆಲ್ಲ ಬೀಳುವುದು ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ.

ಪತ್ತೆ

ಈ ಗಾಯವನ್ನು ಬರೀ ಉಳುಕೆಂದು ಎಣ್ಣೆ ನೀವಿ ಬಿಡುವವರು, ಆಂಧ್ರದ ಗಡಿ ದಾಟಿ ಪುತ್ತೂರಿನ ನಾಟಿ ಮೂಳೆ ಕಟ್ಟು ಹಾಕಿಸಿಕೊಳ್ಳುವವರು ಚಿಕ್ಕಬಳ್ಳಾಪುರ ಭಾಗದಲ್ಲಿ ಇದ್ದಾರೆ. ಕಟ್ಟಿನಿಂದ ನೋವು ತಗ್ಗಬಹುದು. ಆದರೆ ಪೂರ್ತಿ ಹರಿದು ದೂರ ಸರಿದ ಲಿಗಮೆಂಟ್ ಕೂಡುವುದಿಲ್ಲ. ಮಾಮೂಲಿ ಎಕ್ಸ್‌ರೇಯಲ್ಲೂ ದೋಷ ಕಾಣದಿರಬಹುದು. ಹಾಗಾಗಿ ಮುಷ್ಟಿ ಬಿಗಿಹಿಡಿಸಿ, ಎರಡೂ ಕೈಗಳ ಎಕ್ಸ್‌ರೇ ತೆಗೆದು ಹೋಲಿಸುತ್ತಾರೆ. ಸ್ಕ್ಯಾಫಾಯ್ಡ್ ಮತ್ತು ಲ್ಯುನೇಟ್ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದಿದ್ದರೆ ಅನುಮಾನ ಬಲವಾಗುತ್ತದೆ. ಎಂಆರ್‌ಐ ನೆರವಾಗುತ್ತದೆ, ಆದರೆ ಖಚಿತ ಉತ್ತರ ಸಿಗುವುದು ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸುವ ಆರ್ತ್ರೋಸ್ಕೋಪಿಯಲ್ಲಿ.

ಶಸ್ತ್ರಚಿಕಿತ್ಸೆ

ಭಾಗಶಃ ಹರಿದಿದ್ದರೆ ಪಟ್ಟಿ ಮತ್ತು ವಿಶ್ರಾಂತಿ ಸಾಕಾಗಬಹುದು. ಪೂರ್ತಿ ಹರಿದಿದ್ದರೆ ಮೊದಲ 4ರಿಂದ 6 ವಾರ ಅಮೂಲ್ಯ. ಆಗ ಹರಿದ ತುದಿಯನ್ನು ಮೂಳೆಯೊಳಗೆ ಕೂರಿಸಿದ ಪುಟ್ಟ ಆ್ಯಂಕರ್‌ಗೆ ಹೊಲಿದು, ಮೂಳೆಗಳು ಅಲುಗದಂತೆ ತೆಳುವಾದ ತಂತಿ ಚುಚ್ಚಿ 8ರಿಂದ 12 ವಾರ ಇಡುತ್ತಾರೆ. ತಡವಾದರೆ ತುದಿಗಳು ಕುಗ್ಗಿ ಹೊಲಿಗೆ ನಿಲ್ಲುವುದಿಲ್ಲ. ಆಗ ಮುಂಗೈಯ ಸ್ನಾಯುರಜ್ಜುವಿನ ಒಂದು ಎಳೆಯನ್ನು ಸ್ಕ್ಯಾಫಾಯ್ಡ್‌ನಲ್ಲಿ ಕೊರೆದ ರಂಧ್ರದ ಮೂಲಕ ಹಾಯಿಸಿ ಹೊಸ ಬಿಗಿತ ಕೊಡಬೇಕಾಗುತ್ತದೆ. ವರ್ಷಗಳು ಕಳೆದು ಕೀಲು ಸವೆದಿದ್ದರೆ ಸ್ಕ್ಯಾಫಾಯ್ಡ್ ತೆಗೆದು ಉಳಿದ ಕೆಲವು ಮೂಳೆಗಳನ್ನು ಬೆಸೆಯುವುದು ಒಂದು ದಾರಿ. ನೋವು ಇಳಿಯುತ್ತದೆ, ಆದರೆ ಮಣಿಕಟ್ಟಿನ ಬಾಗು ಕಡಿಮೆಯಾಗುತ್ತದೆ.

ಚೇತರಿಕೆ

ತಂತಿ ತೆಗೆದ ಮೇಲೆ ಫಿಜಿಯೋಥೆರಪಿ ತಪ್ಪಿಸುವಂತಿಲ್ಲ. ಭಾರ ಎತ್ತಲು ಸಾಮಾನ್ಯವಾಗಿ ಆರು ತಿಂಗಳಾದರೂ ಬೇಕು. ಸ್ವಲ್ಪ ಬಿಗಿತ ಉಳಿಯುವುದುಂಟು.

ಎಲ್ಲಿ ತೋರಿಸಬೇಕು

ಮೊದಲ ತಪಾಸಣೆ, ಎಕ್ಸ್‌ರೇ ಮತ್ತು ಪಟ್ಟಿಗೆ ತಾಲ್ಲೂಕು ಆಸ್ಪತ್ರೆ ಅಥವಾ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಸರ್ಕಾರಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಿದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಬಿದ್ದು ಎರಡು ವಾರವಾದರೂ ಹಿಡಿತ ಸೋಲುತ್ತಿದ್ದರೆ, ಕೈ ತಿರುಗಿಸಿದಾಗ 'ಟಕ್' ಎನ್ನುತ್ತಿದ್ದರೆ, ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾಗದೆ ಮೂಳೆ ತಜ್ಞರಿಗೆ ಮತ್ತೆ ತೋರಿಸಿ.