ಓದಲಾರದ ಮಗು ದಡ್ಡ ಮಗುವಲ್ಲ

ಕೊಡಗಿನ ಮಕ್ಕಳ ಮನೆಮಾತು ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ನುಡಿ, ಜೇನುಕುರುಬರ ನುಡಿ ಹೀಗೆ ಮನೆಗೊಂದು ಮಾತು. ಶಾಲೆಗೆ ಸೇರಿದ ಮೇಲೆ ಇವರೆಲ್ಲರೂ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಓದು ಬರಹ ಕಲಿಯಬೇಕು. ಮೂರನೆಯ ತರಗತಿಗೆ ಬಂದರೂ ಒಂದು ಮಗು ಅಕ್ಷರ ಕೂಡಿಸಲು ತಡವರಿಸುತ್ತಿದ್ದರೆ ಕಾರಣವೇನು? ಭಾಷೆ ಹೊಸದೆಂದೇ? ಪಾಠ ಸರಿಯಾಗಿ ಸಿಗಲಿಲ್ಲವೆಂದೇ? ಅಥವಾ ಓದುವ ಕ್ರಿಯೆಯೇ ಅದಕ್ಕೆ ಕಷ್ಟವೆಂದೇ? ಬಹುಕಾಲ ಇದಕ್ಕೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ಮಗು ದಡ್ಡ, ಇಲ್ಲವೇ ಸೋಮಾರಿ.

ಈ ಉತ್ತರ ತಪ್ಪೆಂದು ವೈದ್ಯಲೋಕಕ್ಕೆ ಹೊಳೆದು ನೂರು ವರ್ಷಕ್ಕೂ ಹೆಚ್ಚಾಯಿತು. ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲಿ ‘ಡಿಸ್ಲೆಕ್ಸಿಯಾ’ ಎಂಬ ಪದವನ್ನು ಬಳಸಿದ. ಅದು ಮಿದುಳಿಗೆ ಪೆಟ್ಟಾಗಿ ಓದುವ ಶಕ್ತಿ ಕಳೆದುಕೊಂಡ ವಯಸ್ಕರ ಕುರಿತಾಗಿತ್ತು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಹುಡುಗ ಚುರುಕು, ಕಣ್ಣು ಚೆನ್ನಾಗಿತ್ತು. ಆದರೆ ಓದು ಮಾತ್ರ ಹತ್ತುತ್ತಿರಲಿಲ್ಲ. ಹುಟ್ಟಿನಿಂದಲೇ ಈ ತೊಡಕು ಇರಬಹುದೆಂಬ ವಿಚಾರ ಅಲ್ಲಿಂದ ಬೆಳೆಯಿತು. ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ 1963ರಲ್ಲಿ ಓದು, ಬರಹ, ಮಾತುಗಳ ಇಂಥ ತೊಡಕುಗಳನ್ನೆಲ್ಲ ‘ಕಲಿಕಾ ನ್ಯೂನತೆ’ ಎಂಬ ಒಂದೇ ಹೆಸರಿನಡಿ ತಂದ.

ಭಾರತದ ಕಾನೂನಿಗೆ ಈ ಹೆಸರು ತಲುಪಿದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. ಕಲಿಕಾ ನ್ಯೂನತೆ ಅವುಗಳಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ರೀತಿಯಲ್ಲಿ ಕಲಿಸುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆಯಾಯಿತು. ಮೂರನೆಯ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರು ಮಕ್ಕಳನ್ನು ಪರೀಕ್ಷಿಸಿ ನೋಡಬೇಕೆಂದು 2018ರ ಮಾರ್ಗಸೂಚಿ ಹೇಳಿತು.

ಕನ್ನಡದಲ್ಲಿ ಈ ಪರೀಕ್ಷೆ ಅಷ್ಟು ಸುಲಭವಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಪ-ಷ, ದ-ಧ, ಬ-ಭಗಳ ನಡುವೆ ಇರುವುದು ಒಂದು ಗೆರೆಯ ವ್ಯತ್ಯಾಸ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಆದ್ದರಿಂದ ನಿಧಾನವೆಲ್ಲವೂ ನ್ಯೂನತೆಯಲ್ಲ.

ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ಗಂಟು. ಕೊಡವ ತಕ್ಕನ್ನು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದದ್ದೂ ಹಾಗೆಯೇ. ಆದರೆ ಆ ಮಾತಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಬೇರೆ ಅಕ್ಷರವಿಲ್ಲ. ಎರವರ ಮಗುವಿಗಂತೂ ಪಾಠದ ಅನೇಕ ಪದಗಳೇ ಹೊಸವು. ಇಲ್ಲಿ ಎರಡು ತಪ್ಪುಗಳಿಗೆ ದಾರಿಯಿದೆ. ಭಾಷೆ ಬಾರದ ಮಗುವಿಗೆ ನ್ಯೂನತೆಯ ಹಣೆಪಟ್ಟಿ ಹಚ್ಚುವುದು ಒಂದು. ನಿಜವಾಗಿ ತೊಡಕಿರುವ ಮಗುವನ್ನು ‘ಭಾಷೆ ಬಂದರೆ ಸರಿಹೋಗುತ್ತದೆ’ ಎಂದು ವರ್ಷಗಟ್ಟಲೆ ಕಾಯಿಸುವುದು ಇನ್ನೊಂದು. ಶಾಲೆಯ ಭಾಷೆ ಬಾರದಿರುವುದನ್ನೂ, ಸರಿಯಾದ ಪಾಠ ಸಿಗದಿರುವುದನ್ನೂ ನ್ಯೂನತೆ ಎನ್ನಬಾರದೆಂದು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಎಚ್ಚರಿಸುತ್ತದೆ.

ಇವೆರಡನ್ನು ಬೇರ್ಪಡಿಸಲು ಮೊದಲ ಹೆಜ್ಜೆ ಮನೆಮಾತಿನಲ್ಲೇ ಇದೆ. ಮಗು ತನ್ನ ಮಾತಿನಲ್ಲಿ ಕತೆ ಹೇಳುತ್ತದೆಯೇ? ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತದೆಯೇ? ಅದೇ ಮಾತಾಡುವ, ಅದೇ ಪಾಠ ಕೇಳಿದ ನೆರೆಮನೆಯ ಮಕ್ಕಳು ಓದಲು ಕಲಿತಿದ್ದಾರೆಯೇ? ಅವರೆಲ್ಲ ಕಲಿತು ಈ ಮಗು ಮಾತ್ರ ಹಿಂದುಳಿದಿದ್ದರೆ, ಭಾಷೆಯ ಮೇಲೆ ದೂರು ಹೊರಿಸಿ ಕೂರದೆ ತಜ್ಞರಿಗೆ ತೋರಿಸಬೇಕು. ಪ್ರಮಾಣಪತ್ರ ಬರುವವರೆಗೆ ಪಾಠವಂತೂ ಕಾಯಬೇಕಾಗಿಲ್ಲ. ಮಗು ಬಲ್ಲ ಪದಗಳಿಂದ ತೊಡಗಿ, ಒಂದೊಂದು ದನಿಗೆ ಒಂದೊಂದು ಅಕ್ಷರವನ್ನು ಜೋಡಿಸಿ ನಿಧಾನವಾಗಿ ಕಲಿಸಿದರೆ ಎರಡೂ ಬಗೆಯ ಮಕ್ಕಳಿಗೆ ಅನುಕೂಲವೇ.